ಬಿಟ್ಟ ಆಟಗಾರ ಯಾರ ಪಾಲು? ಫ್ಯಾಂಟಸಿ ಬೇಸ್‌ಬಾಲ್ ಲೀಗಿನ ಬಿಡುಗಡೆ ನಿಯಮಗಳು

ಬೆಳಗಾವಿಯಲ್ಲಿ, ಸ್ನೇಹಿತರ ಫ್ಯಾಂಟಸಿ ಲೀಗುಗಳನ್ನು ನಡೆಸುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಫ್ಯಾಂಟಸಿ ಲೀಗು ಅಂದರೆ ನಿಜ ಆಟಗಾರರನ್ನು ಲೆಕ್ಕದ ದುಡ್ಡಿಗೆ ಕೊಂಡು ತಂಡ ಕಟ್ಟಿ, ಅವರು ನಿಜ ಪಂದ್ಯಗಳಲ್ಲಿ ಆಡಿದ್ದಕ್ಕೆ ತಕ್ಕಂತೆ ಅಂಕ ಪಡೆಯುವ ಆಟ. ಆಟಗಾರರನ್ನು ಕೊಳ್ಳುವಾಗ ಲೀಗುಗಳಲ್ಲಿ ಜಗಳ ಕಡಿಮೆ. ಸವಾಲಿನ, ಅಂದರೆ ಹರಾಜಿನ ದಿನ ಎಲ್ಲರೂ ಒಂದೇ ಹೊತ್ತಿಗೆ ಕೂತಿರುತ್ತಾರೆ, ಎಲ್ಲರ ಕೈಯಲ್ಲೂ ಅಷ್ಟೇ ದುಡ್ಡು, ಕೂಗಿದ ಬೆಲೆ ಎಲ್ಲರ ಕಿವಿಗೂ ಬೀಳುತ್ತದೆ. ಜಗಳ ಹತ್ತುವುದು ಬಿಡುವಾಗ, ಅಂದರೆ ಆಟಗಾರನನ್ನು ತಂಡದ ಪಟ್ಟಿಯಿಂದ ತೆಗೆಯುವಾಗ. ಬಿಡುವವನು ಒಬ್ಬನೇ, ಹೊತ್ತು ಆರಿಸಿಕೊಂಡವನೂ ಅವನೇ. ಉಳಿದವರಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಆಟಗಾರ ಇನ್ನೊಂದು ತಂಡದ ಪಟ್ಟಿ ಸೇರಿರುತ್ತಾನೆ.

ಹನ್ನೆರಡು ತಂಡಗಳ ಒಂದು ಲೀಗು ಇದೆ ಅಂತ ಇಟ್ಟುಕೊಳ್ಳಿ. ಗುರುತಿಗೆ ನಮ್ಮ ಜಿಲ್ಲೆಯ ಊರುಗಳ ಹೆಸರನ್ನೇ ತಂಡಗಳಿಗೆ ಕೊಡೋಣ. ಜುಲೈ ತಿಂಗಳು. ಅಥಣಿ ತಂಡ ಹನ್ನೊಂದನೇ ಸ್ಥಾನದಲ್ಲಿದೆ. ಸವಾಲಿನಲ್ಲಿ 34 ಡಾಲರಿಗೆ ಕೊಂಡ ಒಬ್ಬ ಔಟ್‌ಫೀಲ್ಡರ್ ಮೂರು ವಾರದಿಂದ ಚೆಂಡಿಗೆ ಬ್ಯಾಟು ತಾಗಿಸಲು ಒದ್ದಾಡುತ್ತಿದ್ದಾನೆ. ಬೇಸತ್ತು ಅಥಣಿಯವರು ಅವನನ್ನು ಬಿಡುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಮೊದಲ ಸ್ಥಾನದ ಗೋಕಾಕ ತಂಡ ಅವನನ್ನು ಎತ್ತಿಕೊಳ್ಳುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಹತ್ತು ಜನ "ಇದು ಮೋಸ" ಅನ್ನುತ್ತಾರೆ. ಅಥಣಿಯವರ ಉತ್ತರ ಒಂದೇ: "ನನ್ನ ಆಟಗಾರ, ನಾ ಬಿಟ್ಟೀನಿ. ನಿಮಗೇನ್ರಿ ತ್ರಾಸು?"

ಎರಡೂ ಕಡೆಯವರು ಜಗಳವಾಡುತ್ತಿರುವುದು ಅಥಣಿಗೆ ಬಿಡುವ ಹಕ್ಕು ಇತ್ತೋ ಇಲ್ಲವೋ ಎಂಬುದರ ಮೇಲೆ. ಆ ದಾರಿಯಲ್ಲಿ ಹೋದರೆ ನ್ಯಾಯ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಡುವ ಹಕ್ಕು ತಂಡದವರಿಗೆ ಇರಲೇಬೇಕು, ತಪ್ಪು ನಿರ್ಧಾರ ಮಾಡುವ ಹಕ್ಕೂ ಸೇರಿ. ಲೀಗು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದ್ದು ಬಿಟ್ಟ ನಂತರದ ದಾರಿಯನ್ನು. ಆ ಆಟಗಾರ ಎಷ್ಟು ಹೊತ್ತು ಯಾರ ಕೈಗೂ ಸಿಗದೆ ಇರಬೇಕು, ಯಾವ ಕ್ರಮದಲ್ಲಿ ಮುಂದಿನವರಿಗೆ ಹೋಗಬೇಕು, ಅವನ ಬೆಲೆ ಏನಾಗಬೇಕು? ಇವು ಮೂರು ಗಟ್ಟಿಯಿದ್ದರೆ ಮೇಲಿನ ಜಗಳ ಹುಟ್ಟುವುದೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಗೋಕಾಕಕ್ಕೆ ಅವನು ಸಿಕ್ಕದ್ದು ಆ ಲೀಗಿನ ನಿಯಮದ ದೋಷ. ಅದನ್ನು ಅಥಣಿಯವರ ತಲೆಗೆ ಕಟ್ಟುವುದು ಸರಿಯಲ್ಲ.

ಇಲ್ಲಿ ಕ್ರಿಕೆಟ್ ಲೀಗು ಮಾತ್ರ ನಡೆಸುವವರೂ ಬಂದಿದ್ದೀರಿ, ಹಾಗಾಗಿ ಆಟದ ಮೂಲ ಲೆಕ್ಕವನ್ನು ಚುಟುಕಾಗಿ ಹೇಳುತ್ತೇನೆ. 1980ರಲ್ಲಿ ನ್ಯೂಯಾರ್ಕಿನಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರು ಮಾಡಿದ ಆಟ ಇದು. ಅವರು ಸೇರುತ್ತಿದ್ದ ಊಟದ ಹೋಟೆಲಿನ ಹೆಸರಿನಿಂದಲೇ ರೋಟಿಸರಿ ಬೇಸ್‌ಬಾಲ್ ಎಂಬ ಹೆಸರು ಬಂತು. ಒಂದೊಂದು ತಂಡಕ್ಕೆ 260 ಡಾಲರಿನ ಸವಾಲು, 23 ಆಟಗಾರರು: 14 ಬ್ಯಾಟರ್, 9 ಪಿಚರ್ (ಚೆಂಡು ಎಸೆಯುವವರು). ಸೀಸನ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಯ ತನಕ, ಸುಮಾರು 26 ವಾರ, ಪ್ರತಿ ನಿಜ ತಂಡಕ್ಕೆ 162 ಪಂದ್ಯ. ಐಪಿಎಲ್ ಎರಡು ತಿಂಗಳಲ್ಲಿ ಮುಗಿಯುತ್ತದೆ, ಇದು ಅರ್ಧ ವರ್ಷ ನಡೆಯುತ್ತದೆ. ಗಾಯ, ಫಾರ್ಮು, ಕೆಳಗಿನ ಲೀಗಿನಿಂದ ಬರುವ ಹೊಸ ಹುಡುಗರು, ಎಲ್ಲವೂ ನಡುವೆಯೇ ಆಗುವುದರಿಂದ ಬಿಡುವುದು ಇಲ್ಲಿ ದಿನನಿತ್ಯದ ಕೆಲಸ. ನಾನು ಡಾಲರ್ ಅಂದಾಗಲೆಲ್ಲ ಅದು ಬರೀ ಲೆಕ್ಕದ ಡಾಲರ್. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ. ಸ್ನೇಹಿತರ ಲೀಗಿಗೆ ದುಡ್ಡು ಬೇಕಾಗಿಯೂ ಇಲ್ಲ.

ನಿಯಮ ಎಷ್ಟು ಬಿಗಿ ಇರಬೇಕು ಅನ್ನುವುದಕ್ಕೆ ಮೊದಲು ಒಂದು ಗುಣಾಕಾರ ಮಾಡಿಕೊಳ್ಳಬೇಕು. ಹನ್ನೆರಡು ತಂಡಕ್ಕೆ 23ರಂತೆ 276 ಆಟಗಾರರು ಮಾರಾಟವಾಗಿರುತ್ತಾರೆ. ಅಮೆರಿಕದ ಎರಡೂ ಲೀಗುಗಳ (ಅಮೆರಿಕನ್, ನ್ಯಾಷನಲ್) 30 ತಂಡಗಳಿಂದ ಆರಿಸಿಕೊಳ್ಳುವ ಲೀಗು ನಿಮ್ಮದಾದರೆ, ತಂಡಕ್ಕೆ 26 ಸಕ್ರಿಯ ಆಟಗಾರರ ಲೆಕ್ಕದಲ್ಲಿ ಒಟ್ಟು 780 ಜನ. ಅಂದರೆ 504 ಜನ ಯಾರ ಪಟ್ಟಿಯಲ್ಲೂ ಇಲ್ಲದೆ ಹೊರಗಿದ್ದಾರೆ. ಒಬ್ಬ ಸಾಧಾರಣ ಬ್ಯಾಟರನ್ನು ಯಾರೋ ಬಿಟ್ಟರೆ ಅಂಥವರು ಇನ್ನೂ ಹತ್ತು ಜನ ಹೊರಗೆ ಸಿಗುತ್ತಾರೆ. ಅದೇ ಅಮೆರಿಕನ್ ಲೀಗಿನ 15 ತಂಡಗಳಿಗೆ ಸೀಮಿತವಾದರೆ ಒಟ್ಟು 390, ಹೊರಗೆ ಉಳಿದವರು 114. ಅವರಲ್ಲಿ ಹೆಚ್ಚಿನವರು ಬೆಂಚಿನವರು ಮತ್ತು ನಡುವಿನ ಇನ್ನಿಂಗ್ಸ್ ಎಸೆಯುವ ಪಿಚರ್‌ಗಳು. ಅಂಥ ಲೀಗಿನಲ್ಲಿ ದಿನಾ ಆಡುವ ಒಬ್ಬ ಸೆಕೆಂಡ್ ಬೇಸ್‌ಮನ್ ಹೊರಬಿದ್ದರೂ ಅಂಕಪಟ್ಟಿ ಅಲುಗಾಡುತ್ತದೆ. ಬೇರೆಯವರ ನಿಯಮಾವಳಿಯನ್ನು ಎತ್ತಿ ತಂದು ನಿಮ್ಮ ಲೀಗಿಗೆ ಅಂಟಿಸುವ ಮೊದಲು ಹೊರಗೆ ಎಷ್ಟು ಜನ ಉಳಿಯುತ್ತಾರೆ ಅಂತ ಲೆಕ್ಕ ಹಾಕಿರಿ. ನೂರರ ಆಸುಪಾಸು ಉಳಿದರೆ ಬಿಗಿ ನಿಯಮ ಬೇಕು. ಐನೂರು ಉಳಿದರೆ ಸಡಿಲವಿದ್ದರೂ ನಡೆಯುತ್ತದೆ.

ಈಗ ದಾರಿಯ ಮಾತು. ಬಿಟ್ಟ ಆಟಗಾರ ಮುಂದಿನವರಿಗೆ ಹೋಗಲು ಮೂರು ಪದ್ಧತಿಗಳಿವೆ.

ಮೊದಲು ಬಂದವರಿಗೆ ಮೊದಲು ಅನ್ನುವುದು ಒಂದು. ನೋಡಲು ಇದಕ್ಕಿಂತ ಸರಳ ನ್ಯಾಯ ಇಲ್ಲ ಅನಿಸುತ್ತದೆ, ಆದರೆ ನಮ್ಮಂಥ ಲೀಗುಗಳಿಗೆ ಇದೇ ಅತಿ ದೊಡ್ಡ ಅನ್ಯಾಯ. ಕಾರಣ ಗಡಿಯಾರ. ನ್ಯೂಯಾರ್ಕಿನಲ್ಲಿ ಸಂಜೆ 7:05ಕ್ಕೆ ಶುರುವಾಗುವ ಪಂದ್ಯ ಬೆಳಗಾವಿಯಲ್ಲಿ ಬೆಳಗಿನ ಜಾವ 4:35ಕ್ಕೆ. ಲಾಸ್ ಏಂಜಲೀಸಿನ ಸಂಜೆ 7:10ರ ಪಂದ್ಯ ನಮ್ಮ ಬೆಳಗ್ಗೆ 7:40ಕ್ಕೆ. ಒಬ್ಬ ಕ್ಲೋಸರ್, ಅಂದರೆ ಕೊನೆಯ ಇನ್ನಿಂಗ್ಸ್ ಮುಗಿಸಿ ಸೇವ್ (ತಂಡದ ಮುನ್ನಡೆ ಕಾಪಾಡಿದ ಲೆಕ್ಕ) ಗಳಿಸುವ ಪಿಚರ್, ಮೊಣಕೈ ಹಿಡಿದುಕೊಂಡು ಮೈದಾನದಿಂದ ಹೊರನಡೆದ ಅನ್ನಿ. ಅವನ ಬದಲಿಗೆ ಬರುವವನು ಆ ಕ್ಷಣದಿಂದ ಬಂಗಾರ. ಆ ಹೊತ್ತಿಗೆ ಇಲ್ಲಿಯ ಆರು ಜನ ನಿದ್ದೆಯಲ್ಲಿರುತ್ತಾರೆ ಅಥವಾ ಮಕ್ಕಳನ್ನು ಶಾಲೆಗೆ ಬಿಡಲು ಹೊರಟಿರುತ್ತಾರೆ. ವಿಟಿಯು ಕಾಲೇಜುಗಳಲ್ಲಿ ಜೊತೆಗೆ ಓದಿ ಈಗ ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇರುವ ಉಳಿದ ಆರು ಜನ ಟಿವಿ ಮುಂದೆ ಇರುತ್ತಾರೆ. ಒಂದು ಸೀಸನ್ ಪೂರ್ತಿ ಹೀಗೇ ನಡೆದರೆ ಆಟದ ತಿಳಿವಳಿಕೆಗಿಂತ ವಾಸದ ಊರು ಹೆಚ್ಚು ಅಂಕ ತರುತ್ತದೆ. ಇನ್ನೊಂದು ಮಾತು: ಮಳೆಗಾಲದಲ್ಲಿ ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ದಿನಗಟ್ಟಲೆ ಕೈಕೊಡುತ್ತವೆ. ಜೂನ್‌ನಿಂದ ಆಗಸ್ಟ್ ಅಂದರೆ ಈ ಆಟದ ನಡುಭಾಗ.

ಎರಡನೆಯದು ವೇವರ್ ಸರದಿ. ಬಿಟ್ಟ ಆಟಗಾರನನ್ನು ಒಂದೆರಡು ದಿನ ತಡೆಹಿಡಿದಿಟ್ಟು, ಆ ಅವಧಿಯಲ್ಲಿ ಬೇಕೆಂದು ಕೇಳಿದವರಲ್ಲಿ ಸರದಿಯಲ್ಲಿ ಮುಂದಿರುವವರಿಗೆ ಕೊಡುವುದು. ಇದು ಗಡಿಯಾರದ ಅನ್ಯಾಯವನ್ನು ಅಳಿಸುತ್ತದೆ. ಆದರೆ ಸರದಿ ಹೇಗೆ ಕಟ್ಟುತ್ತೀರಿ ಎಂಬುದರಲ್ಲಿ ತೊಡಕಿದೆ. ತಿರುಗುವ ಸರದಿಯಲ್ಲಿ, ಒಮ್ಮೆ ಪಡೆದವರು ಕೊನೆಗೆ ಹೋಗುತ್ತಾರೆ, ಪಡೆಯದವರು ಮೇಲೇರುತ್ತಾರೆ. ಇಲ್ಲಿ ಮೊದಲ ಸ್ಥಾನ ಹಿಡಿದು ವಾರಗಟ್ಟಲೆ ಕಾಯುವುದೇ ಒಂದು ತಂತ್ರವಾಗುತ್ತದೆ. ಗೋಕಾಕ ಸರದಿಯಲ್ಲಿ ಮೊದಲಿಗಿದೆ ಅಂತ ಎಲ್ಲರಿಗೂ ಕಾಣುತ್ತಿರುವಾಗ, ಅದೇ ದಿನ ಅಥಣಿ ತನ್ನ ದೊಡ್ಡ ಆಟಗಾರನನ್ನು ಬಿಟ್ಟರೆ ಅನುಮಾನ ಬರುವುದು ಸಹಜ. ಅಂಕಪಟ್ಟಿಯನ್ನು ತಲೆಕೆಳಗು ಮಾಡಿ ಸರದಿ ಕಟ್ಟಿದರೆ ಕೆಳಗಿನವರಿಗೆ ಮೊದಲು ಸಿಗುತ್ತದೆ, ಮೇಲಿನವರು ಕೊನೆಗೆ. ಈ ಎರಡರಲ್ಲಿ ಇದೇ ಮೇಲು. ಆದರೆ ಏಪ್ರಿಲ್‌ನಲ್ಲಿ ಅಂಕಪಟ್ಟಿಗೆ ಅರ್ಥವಿರುವುದಿಲ್ಲ, ಎರಡು ವಾರದ ಆಟದಿಂದ ಯಾರು ದುರ್ಬಲರು ಅಂತ ಹೇಳಲಾಗದು. ಹಾಗಾಗಿ ಮೊದಲ ತಿಂಗಳು ಚೀಟಿ ಎತ್ತಿದ ಸರದಿ ಇಟ್ಟು, ಮೇ ತಿಂಗಳಿನಿಂದ ಅಂಕಪಟ್ಟಿಯ ಸರದಿಗೆ ಬರಬೇಕು.

ಸ್ವಲ್ಪ ದಾರಿ ತಪ್ಪಿ ನಿಜ ಬೇಸ್‌ಬಾಲಿನ ಒಂದು ಪ್ರಸಂಗ ಹೇಳಬೇಕು, ಯಾಕೆಂದರೆ ನಮ್ಮ ಅಥಣಿ ಮಾಡಿದ್ದನ್ನೇ 2023ರ ಆಗಸ್ಟ್ ಕೊನೆಯಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಮಾಡಿತು. ಜುಲೈನಲ್ಲಿ ಪ್ಲೇಆಫ್ ಆಸೆಯಿಂದ ಲೂಕಸ್ ಜಿಯೊಲಿಟೊ, ರೆನಾಲ್ಡೊ ಲೋಪೆಜ್ ಎಂಬ ಇಬ್ಬರು ಪಿಚರ್‌ಗಳನ್ನು ತಮ್ಮ ಎಳೆಯ ಪ್ರತಿಭೆಗಳನ್ನು ಕೊಟ್ಟು ತಂದಿದ್ದರು. ಆಗಸ್ಟ್‌ನಲ್ಲಿ ಸಾಲು ಸೋಲು. ಸಂಬಳದ ಒಟ್ಟು ಮೊತ್ತ ದಂಡದ ತೆರಿಗೆಯ ಮಿತಿಯ ಕೆಳಗೆ ಬರಲೆಂದು ಇವರಿಬ್ಬರನ್ನೂ ಮ್ಯಾಟ್ ಮೂರ್, ಹಂಟರ್ ರೆನ್‌ಫ್ರೋ ಮೊದಲಾದವರನ್ನೂ ಒಟ್ಟಿಗೇ ವೇವರ್‌ಗೆ ಹಾಕಿದರು. ಜಿಯೊಲಿಟೊ, ಲೋಪೆಜ್, ಮೂರ್ ಮೂವರನ್ನೂ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್ ಪಡೆಯಿತು. ರೆನ್‌ಫ್ರೋ ಸಿನ್ಸಿನಾಟಿ ರೆಡ್ಸ್ ಪಾಲಾದ. ಹೀಗೆ ಒಮ್ಮೆಲೇ ಕೈಚೆಲ್ಲುವುದು ಸರಿಯೇ ಅನ್ನುವ ಟೀಕೆ ಆಗ ಬಂತು. ಆದರೆ ಆಟಗಾರರು ಕ್ಲೀವ್‌ಲ್ಯಾಂಡಿಗೆ ಹೋದ ದಾರಿಯಲ್ಲಿ ಗುಟ್ಟೇನೂ ಇರಲಿಲ್ಲ. ಗೆಲುವಿನ ಪ್ರಮಾಣ ಕಡಿಮೆ ಇರುವವರಿಗೆ ಮೊದಲ ಹಕ್ಕು ಎಂಬ ಕ್ರಮ ಮೊದಲೇ ಬರೆದಿಟ್ಟದ್ದು, ಆ ಸಾಲಿನಲ್ಲಿ ಕ್ಲೀವ್‌ಲ್ಯಾಂಡ್ ಮುಂದಿತ್ತು. ಅಂದಹಾಗೆ ಆ ವರ್ಷ ಕ್ಲೀವ್‌ಲ್ಯಾಂಡ್ 76 ಗೆದ್ದು 86 ಸೋತು ಪ್ಲೇಆಫ್ ತಲುಪಲಿಲ್ಲ. ಬಿಟ್ಟವರ ಉದ್ದೇಶದ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡಬಹುದು, ಪಡೆದವರ ಮೇಲೆ ಬೆರಳು ತೋರಿಸುವಂತಿರಲಿಲ್ಲ. ನಮ್ಮ ಲೀಗುಗಳಿಗೆ ಇಷ್ಟು ಸಿಕ್ಕರೆ ಸಾಕು.

ಮೂರನೆಯ ಪದ್ಧತಿ ಮುಚ್ಚಿದ ಬಿಡ್. ನಮ್ಮಲ್ಲಿ ಪಂಚಾಯಿತಿ ಕಾಮಗಾರಿಗೆ ಲಕೋಟೆಯಲ್ಲಿ ಟೆಂಡರ್ ಹಾಕುತ್ತಾರಲ್ಲ, ಹಾಗೆ. ಸೀಸನ್ ಶುರುವಿನಲ್ಲಿ ಪ್ರತಿ ತಂಡಕ್ಕೆ 100 ಡಾಲರ್ ಬೇರೆ ಖಾತೆ. ಬಿಟ್ಟ ಆಟಗಾರ ಬೇಕಾದವರು ಗುಟ್ಟಾಗಿ ಮೊತ್ತ ಬರೆಯುತ್ತಾರೆ, ಗಡುವಿಗೆ ಎಲ್ಲ ಒಟ್ಟಿಗೆ ತೆರೆಯುತ್ತಾರೆ, ಹೆಚ್ಚು ಬರೆದವರಿಗೆ ಆಟಗಾರ. ಅವರ ಖಾತೆಯಿಂದ ಅಷ್ಟು ಕಡಿತ. ನಾನು ಯಾವ ಲೀಗಿಗಾದರೂ ಸಲಹೆ ಮಾಡುವುದು ಇದನ್ನೇ. ಒಳಒಪ್ಪಂದ ಇಲ್ಲಿ ದುಬಾರಿಯಾಗುತ್ತದೆ. ಅಥಣಿ ಬೇಕೆಂದೇ ಗೋಕಾಕಕ್ಕಾಗಿ ಆಟಗಾರನನ್ನು ಬಿಟ್ಟರೂ ಗೋಕಾಕದವರು ಉಳಿದ ಹತ್ತು ಜನರಿಗಿಂತ ಹೆಚ್ಚು ಬರೆಯಬೇಕು. ನಿಪ್ಪಾಣಿ 40 ಬರೆದಿದ್ದರೆ ಗೋಕಾಕಕ್ಕೆ ಕನಿಷ್ಠ 41 ಹೋಗುತ್ತದೆ, ಅಂದರೆ ಮುಂದಿನ ತಿಂಗಳುಗಳ ಶಕ್ತಿ ಅರ್ಧದ ಹತ್ತಿರ ಖಾಲಿ. 34 ಡಾಲರಿನ ಆಟಗಾರ ಪುಕ್ಕಟೆ ಕೈಬದಲಾಗುವ ಪ್ರಶ್ನೆಯೇ ಇಲ್ಲ.

ಈ ಪದ್ಧತಿ ಕೆಡುವುದು ಸಣ್ಣ ವಿವರಗಳಲ್ಲಿ, ಅವನ್ನು ಬಿಡದೆ ಬರೆದಿಡಬೇಕು. ಇಬ್ಬರು ಒಂದೇ ಮೊತ್ತ ಬರೆದರೆ ಅಂಕಪಟ್ಟಿಯಲ್ಲಿ ಕೆಳಗಿರುವವರಿಗೆ. ಶೂನ್ಯ ಡಾಲರ್ ಬಿಡ್‌ಗೆ ಅವಕಾಶ ಇರಲಿ, ಇಲ್ಲವಾದರೆ ಖಾತೆ ಖಾಲಿಯಾದ ತಂಡ ಗಾಯಾಳುಗಳ ಜಾಗ ತುಂಬಲಾಗದೆ ಆಗಸ್ಟ್‌ನಲ್ಲಿ ಸತ್ತ ತಂಡವಾಗುತ್ತದೆ, ಅದರ ಎದುರು ಆಡುವವರಿಗೆಲ್ಲ ಬಿಟ್ಟಿ ಗೆಲುವು. ಬಿಡ್ ತೆರೆಯುವ ಮೊದಲು ಕನಿಷ್ಠ 48 ಗಂಟೆ ಆಟಗಾರ ತಡೆಯಲ್ಲಿರಬೇಕು. ತೆರೆಯುವ ಹೊತ್ತು ನಮ್ಮ ರಾತ್ರಿ 8 ಗಂಟೆ ಇದ್ದರೆ ಒಳ್ಳೆಯದು. ಆಗ ನ್ಯೂಯಾರ್ಕಿನಲ್ಲಿ ಬೆಳಗ್ಗೆ 10:30, ಕ್ಯಾಲಿಫೋರ್ನಿಯಾದಲ್ಲಿ 7:30. ಇಲ್ಲಿಯವರು ಮನೆಗೆ ಬಂದಿರುತ್ತಾರೆ, ಅಲ್ಲಿಯವರು ಎದ್ದಿರುತ್ತಾರೆ, ಅಂದಿನ ಪಂದ್ಯಗಳು ಶುರುವಾಗಿರುವುದಿಲ್ಲ. ನೀವು ಬಳಸುವ ಆ್ಯಪ್ ತನ್ನದೇ ಹೊತ್ತಿಗೆ ತೆರೆಯುತ್ತಿದ್ದರೆ, ಅದು ನಮ್ಮ ಗಡಿಯಾರದಲ್ಲಿ ಎಷ್ಟು ಗಂಟೆ ಅಂತ ನಿಯಮಪುಸ್ತಕದಲ್ಲಿ ಬರೆಯಿರಿ.

ಇನ್ನು, ಕೆಲವರನ್ನು ಬಿಡಲೇಬಾರದು ಅನ್ನುವ ನಿಯಮದ ಮಾತು. ದೊಡ್ಡ ಆ್ಯಪ್‌ಗಳಲ್ಲಿ ಬಿಡಲಾಗದ ಆಟಗಾರರ ಪಟ್ಟಿ ಇರುತ್ತದೆ. ಆ ಪಟ್ಟಿಯ ಹೆಸರಿಗೆ ಡ್ರಾಪ್ ಗುಂಡಿ ಕೆಲಸ ಮಾಡುವುದಿಲ್ಲ. ಸಿಟ್ಟಿನಲ್ಲಿ ಯಾರೂ ಲೀಗನ್ನು ಹಾಳುಮಾಡದಿರಲಿ ಎಂಬ ಉದ್ದೇಶ ಒಳ್ಳೆಯದೇ. ಅಪರಿಚಿತರ ಲೀಗಿನಲ್ಲಿ ಅದಕ್ಕೆ ಜಾಗವಿದೆ. ಒಬ್ಬರನ್ನೊಬ್ಬರು ಬಲ್ಲ ಹನ್ನೆರಡು ಜನರ ಲೀಗಿನಲ್ಲಿ ಅದನ್ನು ತೆಗೆದುಹಾಕಿ ಅನ್ನುತ್ತೇನೆ. ರೊನಾಲ್ಡ್ ಅಕುನ್ಯಾ ಜೂನಿಯರ್ 2023ರಲ್ಲಿ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದು ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡವನು. ಮುಂದಿನ ವರ್ಷದ ಸವಾಲುಗಳಲ್ಲಿ ಅವನಿಗೇ ಅತಿ ಹೆಚ್ಚಿನ ಬೆಲೆಗಳು. 2024ರ ಮೇ 26ರಂದು ಎಡ ಮೊಣಕಾಲಿನ ಲಿಗಮೆಂಟ್ ಹರಿದು ಅವನ ಸೀಸನ್ ಅಲ್ಲಿಗೇ ಮುಗಿಯಿತು. ಪ್ರತಿ ವರ್ಷ ಹೊಸದಾಗಿ ಸವಾಲು ಮಾಡುವ ಲೀಗಿನಲ್ಲಿ ಮೇ 27ರಿಂದ ಅವನ ಬೆಲೆ ಸೊನ್ನೆ. ಆ ಜಾಗ ತೆರವು ಮಾಡುವುದು ತಂಡದವರ ಕರ್ತವ್ಯ. ಪಟ್ಟಿಯಲ್ಲಿ ಹೆಸರಿದೆ ಅನ್ನುವ ಕಾರಣಕ್ಕೆ ಒಂದು ದಿನ ಬಿಡಲಾಗದಿದ್ದರೂ ಆ ತಂಡಕ್ಕೆ ಪೆಟ್ಟಿನ ಮೇಲೆ ಪೆಟ್ಟು. ಅದೇ ಹೊತ್ತಿಗೆ ಮುಂದಿನ ವರ್ಷಕ್ಕೆ ಕೆಲವರನ್ನು ಉಳಿಸಿಕೊಳ್ಳಬಹುದಾದ ಕೀಪರ್ ಲೀಗಿನಲ್ಲಿ ಅವನು ಇನ್ನೂ ಲೀಗಿನ ಅತಿ ದೊಡ್ಡ ಆಸ್ತಿ. ಅಲ್ಲಿ ಯಾರಾದರೂ ಅವನನ್ನು ಬಿಟ್ಟರೆ ಹುಬ್ಬೇರಿಸಲೇಬೇಕು. ಒಂದೇ ಆಟಗಾರ, ಒಂದೇ ಗಾಯ, ಎರಡು ಲೀಗಿನಲ್ಲಿ ಎರಡು ನ್ಯಾಯ. ಆ್ಯಪ್‌ನ ಪಟ್ಟಿಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕೀಪರ್ ಲೀಗಿನ ಮಾತು ಬಂದದ್ದರಿಂದ, ನನಗೆ ಅತಿ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ಒಳಒಪ್ಪಂದದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೆಲೆ ತೊಳೆಯುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ನಡೆಯುವುದು ಹೀಗೆ. ನಿಮ್ಮ ಲೀಗಿನಲ್ಲಿ ಈ ವರ್ಷ ಪಡೆದ ಬೆಲೆಗೆ 5 ಡಾಲರ್ ಸೇರಿಸಿ ಮುಂದಿನ ವರ್ಷ ಆಟಗಾರನನ್ನು ಉಳಿಸಿಕೊಳ್ಳಬಹುದು ಅನ್ನೋಣ. ಅಟ್ಲಾಂಟಾ ಬ್ರೇವ್ಸ್‌ನ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ 2024ರಲ್ಲಿ ಎರಡೇ ಪಂದ್ಯ ಎಸೆದು ಮೊಣಕೈ ಗಾಯದಿಂದ ಇಡೀ ವರ್ಷ ಕಳೆದುಕೊಂಡ. ಸವದತ್ತಿ ತಂಡ ಅವನನ್ನು 34ಕ್ಕೆ ಕೊಂಡಿತ್ತು. ಏಪ್ರಿಲ್‌ನಲ್ಲಿ ಬಿಟ್ಟಿತು. ವರ್ಷ ಪೂರ್ತಿ ಆಡದವನಿಗಾಗಿ ಯಾರೂ ಜಾಗ ಹಾಳುಮಾಡಿಕೊಳ್ಳುವುದಿಲ್ಲ. ಸೆಪ್ಟೆಂಬರ್ ಕೊನೆಯ ವಾರ ಸವದತ್ತಿಯೇ 1 ಡಾಲರ್ ಬಿಡ್‌ಗೆ ಅವನನ್ನು ವಾಪಸ್ ಪಡೆಯಿತು. ಮುಂದಿನ ವರ್ಷದ ಬೆಲೆ 6. ಇತ್ತ ಖಾನಾಪುರ ತಂಡ ಅಷ್ಟೇ ಬೆಲೆಯ, ಅಷ್ಟೇ ಗಾಯದ ಇನ್ನೊಬ್ಬನನ್ನು ಇಡೀ ಬೇಸಿಗೆ, ಮಳೆಗಾಲ ಬೆಂಚಿನಲ್ಲಿಟ್ಟು ಆ ಜಾಗದ ಅಂಕಗಳನ್ನು ಕಳೆದುಕೊಂಡಿತು. ಅವರಿಗೆ ಮುಂದಿನ ವರ್ಷದ ಬೆಲೆ 39. ಭಾರ ಹೊತ್ತವರಿಗೆ 39, ಹೊರದವರಿಗೆ 6. ನಿಯಮ ಯಾರೂ ಮುರಿದಿಲ್ಲ, ಆದರೂ ಇದು ಅನ್ಯಾಯ.

ತಡೆಯುವ ವಿಧಾನ ಸುಲಭ. ಬೆಲೆಯನ್ನು ವ್ಯವಹಾರಕ್ಕೆ ಅಂಟಿಸಬೇಡಿ, ಆಟಗಾರನಿಗೇ ಅಂಟಿಸಿ. ಬಿಟ್ಟ ತಂಡವೇ ಅದೇ ಸೀಸನ್‌ನಲ್ಲಿ ವಾಪಸ್ ಪಡೆದರೆ ಸವಾಲಿನ ಪೂರ್ತಿ ಬೆಲೆ ಮರಳುತ್ತದೆ. ಬೇರೆ ತಂಡ ಪಡೆದರೆ ಸವಾಲಿನ ಬೆಲೆಯ ಅರ್ಧ ಅಥವಾ ಅವರ ಬಿಡ್, ಎರಡರಲ್ಲಿ ಹೆಚ್ಚಿನದು. 34ರ ಆಟಗಾರನಿಗೆ ಹೊಸ ತಂಡ 1 ಕೊಟ್ಟಿದ್ದರೂ ಉಳಿಸಿಕೊಳ್ಳುವ ಲೆಕ್ಕಕ್ಕೆ ಬೆಲೆ 17, ಅದಕ್ಕೆ 5 ಸೇರಿ 22. ಸ್ನೇಹಿತನ ತಂಡಕ್ಕೆ ಹೋಗಿ ಅಲ್ಲಿಂದ ಅದಲುಬದಲಿನ ಮೂಲಕ ಮೂಲ ತಂಡಕ್ಕೆ ವಾಪಸ್ ಬಂದರೆ ಮತ್ತೆ ಪೂರ್ತಿ 34. ಈ ಕೊನೆಯ ಸಾಲನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ, ಬೆಲೆ ತೊಳೆಯುವವರು ಆ ಸಂದಿಯನ್ನೇ ಹುಡುಕುತ್ತಾರೆ.

ಹಣ ವಾಪಸಾತಿಯ ಬೇಡಿಕೆಯೂ ಇಲ್ಲೇ ಬರುತ್ತದೆ. ಐಪಿಎಲ್ ನೋಡಿ ಬೆಳೆದವರು ಕೇಳುತ್ತಾರೆ: ಅಲ್ಲಿ ಆಟಗಾರನನ್ನು ಬಿಟ್ಟರೆ ಅವನ ಪೂರ್ತಿ ಬೆಲೆ ತಂಡದ ಚೀಲಕ್ಕೆ ಮರಳುತ್ತದಲ್ಲ, ನಮಗ್ಯಾಕೆ ಇಲ್ಲ? ಅಲ್ಲಿ ಬಿಡುಗಡೆ ಆಗುವುದು ಸವಾಲಿನ ಮೊದಲು, ಎಲ್ಲ ತಂಡಗಳ ಪಟ್ಟಿಗೆ ಒಂದೇ ಗಡುವು, ಬಿಟ್ಟವರು ಎಲ್ಲರ ಎದುರಿನ ಸವಾಲಿಗೆ ಬರುತ್ತಾರೆ. ಸೀಸನ್ ನಡುವೆ ಐಪಿಎಲ್‌ನಲ್ಲೂ ಬಿಡುವ ಸ್ವಾತಂತ್ರ್ಯ ಇಲ್ಲ, ಬದಲಿ ಮಾತ್ರ. 2025ರ ಮೇ ತಿಂಗಳಿನಲ್ಲಿ ಆರ್‌ಸಿಬಿಯ ದೇವದತ್ತ ಪಡಿಕ್ಕಲ್ ಗಾಯಗೊಂಡಾಗ ಮಯಾಂಕ್ ಅಗರ್ವಾಲ್ ಬಂದರು, ಹೀಗೆ ಬದಲಿ ತೆಗೆದುಕೊಂಡ ಮೇಲೆ ಮೂಲ ಆಟಗಾರ ಆ ಸೀಸನ್‌ಗೆ ಮರಳುವಂತಿಲ್ಲ. ನಮ್ಮ ಆಟದಲ್ಲಿ ಸೀಸನ್ ನಡುವೆ ಪೂರ್ತಿ ದುಡ್ಡು ವಾಪಸ್ ಕೊಟ್ಟರೆ ಕೆಟ್ಟ ಖರೀದಿಯೆಲ್ಲ ಹೊಸ ನೋಟಾಗುತ್ತದೆ. ಸರಿಯಾಗಿ ಆರಿಸಿದವರ ಬಳಿ ಆಟಗಾರರಿದ್ದಾರೆ, ನೋಟಿಲ್ಲ. ತಪ್ಪಾಗಿ ಆರಿಸಿದವರು ಜುಲೈನಲ್ಲಿ ಬಿಡ್ ಬಜಾರನ್ನು ಆಳುತ್ತಾರೆ. ಅಮೆರಿಕದ ನಿಜ ತಂಡಗಳಿಗೂ ಈ ಸೌಲಭ್ಯ ಇಲ್ಲ. ವೇವರ್ ದಾಟಿದ ಮೇಲೂ ಯಾರೂ ಕೇಳದೆ ಬಿಡುಗಡೆಯಾದ ಆಟಗಾರನ ಖಾತರಿ ಸಂಬಳವನ್ನು ಹಳೆಯ ತಂಡವೇ ಕೊಡುತ್ತದೆ, ಹೊಸ ತಂಡ ಕನಿಷ್ಠ ಸಂಬಳವನ್ನಷ್ಟೇ ಕೊಡುತ್ತದೆ. ನಾನು ಒಪ್ಪುವ ವಿನಾಯಿತಿ ಒಂದೇ: ನಿಜ ತಂಡ 60 ದಿನಗಳ ಗಾಯಾಳು ಪಟ್ಟಿಗೆ ಹಾಕಿದವನನ್ನು ಬಿಟ್ಟರೆ ಸವಾಲಿನ ಬೆಲೆಯ ಅರ್ಧ ಬಿಡ್ ಖಾತೆಗೆ. ಬ್ಯಾಟರ್‌ಗಳ 10 ದಿನದ ಪಟ್ಟಿಗೂ ಪಿಚರ್‌ಗಳ 15 ದಿನದ ಪಟ್ಟಿಗೂ ಇದನ್ನು ವಿಸ್ತರಿಸಬೇಡಿ, ಅಲ್ಲಿಗೆ ಸಣ್ಣ ನೋವಿನವರೂ ಹೋಗಿಬರುತ್ತಾರೆ. ಅಂಥವರಿಗಾಗಿ ತಂಡಕ್ಕೆ ಎರಡು ಗಾಯಾಳು ಜಾಗ ಕೊಡಿ, ಬಲವಂತದ ಬಿಡುಗಡೆಗಳು ಅರ್ಧಕ್ಕರ್ಧ ನಿಂತುಹೋಗುತ್ತವೆ.

ವಾರಕ್ಕೊಂದು ಎದುರಾಳಿಯ ಲೀಗುಗಳಲ್ಲಿ ಇನ್ನೊಂದು ಕುತಂತ್ರ ಇದೆ. ಭಾನುವಾರ ವಾರ ಮುಗಿಯುತ್ತದೆ. ಶನಿವಾರ ರಾತ್ರಿ ಬೈಲಹೊಂಗಲ ತಂಡ, ಭಾನುವಾರ ಎಸೆಯಲಿರುವ ಹೊರಗಿನ ಒಳ್ಳೆಯ ಪಿಚರ್‌ಗಳನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ಒಡನೆಯೇ ಬಿಡುತ್ತದೆ. ಬಿಟ್ಟವರೆಲ್ಲ 48 ಗಂಟೆಯ ತಡೆಗೆ ಹೋಗುತ್ತಾರೆ, ಎದುರಾಳಿಗೆ ಭಾನುವಾರ ಯಾರೂ ಸಿಗುವುದಿಲ್ಲ. ತಡೆಯ ನಿಯಮವನ್ನೇ ಆಯುಧ ಮಾಡಿಕೊಂಡದ್ದು ಇದು. ಒಂದು ದಿನವೂ ಪಟ್ಟಿಯಲ್ಲಿ ಉಳಿಯದೆ ಹೊರಬಿದ್ದವನಿಗೆ ತಡೆ ಅನ್ವಯಿಸುವುದಿಲ್ಲ, ನೇರ ಮುಕ್ತ ಅಂತ ಬರೆಯಿರಿ. ಜೊತೆಗೆ ವಾರಕ್ಕೆ ಐದೋ ಆರೋ ಸೇರ್ಪಡೆಗಳ ಮಿತಿ.

ಸೀಸನ್ ಕೊನೆಯ ತೊಂದರೆ ಇನ್ನೊಂದು ಬಗೆಯದು. ಆಗಸ್ಟ್ ಕೊನೆಗೆ ನಾಲ್ಕು ತಂಡಗಳಿಗೆ ಗೆಲ್ಲುವ ದಾರಿ ಇರುವುದಿಲ್ಲ. ಆಸಕ್ತಿ ಹೋದವರು ಮುಖ್ಯ ಆಟಗಾರರನ್ನು ಸುಮ್ಮನೆ ಬಿಟ್ಟರೆ ಪ್ರಶಸ್ತಿ ಯಾರಿಗೆ ಎಂಬುದನ್ನು ಅವರು ತೀರ್ಮಾನಿಸಿದಂತೆ. ಇಲ್ಲಿ ಮಾತ್ರ ಬಿಡುವ ಹಕ್ಕಿಗೆ ಕಡಿವಾಣ ಹಾಕಬೇಕು ಅನ್ನುತ್ತೇನೆ. ಪೈಪೋಟಿಯಿಂದ ಹೊರಬಿದ್ದ ತಂಡ, ಗಾಯಾಳು ಪಟ್ಟಿಯಲ್ಲಿಲ್ಲದ ಯಾರನ್ನೂ ಬಿಡುವಂತಿಲ್ಲ, ಸೆಪ್ಟೆಂಬರ್ 1ರಿಂದ. ಅಂದೇ ನಿಜ ತಂಡಗಳ ಸಕ್ರಿಯ ಪಟ್ಟಿ 26ರಿಂದ 28ಕ್ಕೆ ಏರುತ್ತದೆ, ಹೊಸ ಆಟಗಾರರು ಹೊರಗಿನ ಗುಂಪಿಗೆ ಬರುತ್ತಾರೆ, ಹಾಗಾಗಿ ಪೈಪೋಟಿಯಲ್ಲಿ ಇರುವವರಿಗೆ ಕೊರತೆ ಆಗದು.

ಇಷ್ಟೆಲ್ಲ ಇದ್ದೂ ಆಕ್ಷೇಪಣೆ ಬರುತ್ತದೆ. ಯಾರು ತೀರ್ಪು ಕೊಡಬೇಕು? ಹನ್ನೆರಡೂ ಜನ ಮತ ಹಾಕುವ ಪದ್ಧತಿ ಬೇಡ. ಎರಡನೇ ಸ್ಥಾನದವರು ಮೊದಲ ಸ್ಥಾನದವರಿಗೆ ಲಾಭವಾಗುವ ಯಾವುದನ್ನೂ ಒಪ್ಪುವುದಿಲ್ಲ, ಅದು ಅವರ ಹಿತ. ಸೀಸನ್ ಮೊದಲೇ ಕಮಿಷನರ್ (ಲೀಗು ನಡೆಸುವವರು) ಸೇರಿ ಮೂವರನ್ನು ಆರಿಸಿಕೊಳ್ಳಿ, ಇಬ್ಬರನ್ನು ಮೀಸಲಿಡಿ. ಬಿಟ್ಟವರು, ಕೇಳಿದವರು ಇವರಲ್ಲಿದ್ದರೆ ಆ ಪ್ರಕರಣಕ್ಕೆ ಹೊರಗೆ. ಆಕ್ಷೇಪಣೆಯನ್ನು 24 ಗಂಟೆಯೊಳಗೆ ಕಾರಣ ಸಹಿತ ಗುಂಪಿನಲ್ಲಿ ಬರೆಯಬೇಕು, ಖಾಸಗಿ ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ತೀರ್ಪು ಬಿಡ್ ತೆರೆಯುವ ಮೊದಲು ಬರಬೇಕು, 48 ಗಂಟೆಯ ತಡೆ ಇದಕ್ಕೂ ಉಪಯೋಗಕ್ಕೆ ಬರುತ್ತದೆ.

ಆ ಮೂವರು ನೋಡಬೇಕಾದ್ದು ಬಿಟ್ಟವರ ಜಾಣತನವನ್ನಲ್ಲ. ಆ ಜಾಗಕ್ಕೆ ಅಂದು ಯಾರನ್ನು ತಂದರು, ಅವರಿಂದ ಆ ತಂಡಕ್ಕೆ ಯಾವುದಾದರೂ ಅಂಕದ ವಿಭಾಗದಲ್ಲಿ (ಹೋಮ್ ರನ್, ಸೇವ್ ಮುಂತಾದವು) ಲಾಭ ಇತ್ತೆ? 34 ಡಾಲರಿನ ಔಟ್‌ಫೀಲ್ಡರನ್ನು ಬಿಟ್ಟು, ಸೇವ್‌ಗಳ ಕೊರತೆ ಇರುವ ಅಥಣಿ ಹೊಸ ಕ್ಲೋಸರನ್ನು ತಂದಿದ್ದರೆ ಅದು ಆಟ. ಯಾರನ್ನೂ ತರದೆ ಜಾಗ ಖಾಲಿ ಇಟ್ಟಿದ್ದರೆ, ಅಥವಾ ಆಗಲೇ ನಾಲ್ವರು ಇರುವ ಸ್ಥಾನಕ್ಕೆ ಐದನೆಯವನನ್ನು ತಂದಿದ್ದರೆ ವಿವರಣೆ ಕೇಳಬೇಕು. ಅದೇ ಇಬ್ಬರ ನಡುವೆ ಹಿಂದೆಯೂ ಹೀಗೆ ಆಗಿದೆಯೆ, ಇತ್ತೀಚೆಗೆ ಅವರ ಅದಲುಬದಲು ಪ್ರಸ್ತಾಪ ಬಿದ್ದುಹೋಗಿತ್ತೆ ಅಂತ ವ್ಯವಹಾರದ ದಾಖಲೆ ತೆಗೆದು ನೋಡಬೇಕು. ಹೀಗೆ ಏನೂ ಕಾಣದಿದ್ದರೆ ಬಿಡುಗಡೆ ಊರ್ಜಿತ, ಎಷ್ಟೇ ಪೆದ್ದ ನಿರ್ಧಾರ ಅನಿಸಿದರೂ. ಕಂಡರೆ ಪರಿಹಾರ ಒಂದೇ: ಆಟಗಾರ ಮೂಲ ತಂಡಕ್ಕೆ, ಬಂದವನು ಹೊರಗೆ. ಅಂಕ ಕಡಿತ, ತಂಡವನ್ನು ಹೊರಹಾಕುವುದು ಇವೆಲ್ಲ ಒಪ್ಪಂದದ ಲಿಖಿತ ಪುರಾವೆ ಸಿಕ್ಕಾಗ ಮಾತ್ರ. ಅನುಮಾನದ ಮೇಲೆ ಒಬ್ಬ ಗೆಳೆಯನನ್ನು ಮೋಸಗಾರ ಅಂದ ಲೀಗು ಮುಂದಿನ ವರ್ಷ ನಡೆಯುವುದಿಲ್ಲ.

ಕೈತಪ್ಪಿ ಬಿಟ್ಟರೆ? ಮೊಬೈಲಿನಲ್ಲಿ ಪಕ್ಕದ ಹೆಸರು ಒತ್ತುವುದು ಆಗುತ್ತಲೇ ಇರುತ್ತದೆ. 12 ಗಂಟೆಯೊಳಗೆ, ಆ ಆಟಗಾರನ ಮುಂದಿನ ಪಂದ್ಯ ಶುರುವಾಗುವ ಮೊದಲು ಹೇಳಿದರೆ ವಾಪಸ್ ಕೊಡಬೇಕು. ಆದರೆ ಇಡೀ ವ್ಯವಹಾರ ಹಿಂದಕ್ಕೆ ಹೋಗಬೇಕು, ಬಂದವನೂ ಹೊರಗೆ. ಬಂದ ಪಿಚರ್ ಅಷ್ಟರಲ್ಲಿ ಒಂದು ಎಸೆತ ಎಸೆದಿದ್ದರೂ ಹಿಂದಕ್ಕೆ ಹೋಗುವಂತಿಲ್ಲ. ಇಲ್ಲವಾದರೆ ಪಿಚರ್ ಚೆನ್ನಾಗಿ ಎಸೆದರೆ ಸುಮ್ಮನಿದ್ದು, ಹೊಡೆಸಿಕೊಂಡರೆ ಕೈತಪ್ಪಿತು ಅನ್ನಬಹುದು.

ಕೊನೆಯದಾಗಿ ನಿಯಮ ಬದಲಿಸುವುದು. ಸೀಸನ್ ನಡುವೆ ಯಾವ ಬಿಡುಗಡೆ ನಿಯಮವನ್ನೂ ಬದಲಿಸಬೇಡಿ, ಬದಲಿಸಿದ ದಿನವೇ ಯಾರಿಗೋ ಲಾಭ ಯಾರಿಗೋ ನಷ್ಟ ಆಗಿರುತ್ತದೆ. ತೂತು ಕಂಡರೆ ಬರೆದಿಟ್ಟುಕೊಳ್ಳಿ, ಹನ್ನೆರಡರಲ್ಲಿ ಒಂಬತ್ತು ಮತ ಬಂದರೆ ಮುಂದಿನ ವರ್ಷಕ್ಕೆ ಜಾರಿ. ಫೆಬ್ರವರಿ ಮಧ್ಯದಲ್ಲಿ ಅಲ್ಲಿ ತಂಡಗಳ ತಾಲೀಮು ಶುರುವಾಗುತ್ತದೆ, ಆ ಹೊತ್ತಿಗೆ ಹೊಸ ಕರಡು ಎಲ್ಲರ ಕೈಯಲ್ಲಿರಲಿ. ಮತಕ್ಕೆ ಹಾಕುವ ಮೊದಲು ಒಂದು ಕೆಲಸ ಮಾಡಿ: ಕಳೆದ ಸೀಸನ್‌ನ ವ್ಯವಹಾರ ದಾಖಲೆ ತೆಗೆದು, ಸವಾಲಿನಲ್ಲಿ 10 ಡಾಲರಿಗಿಂತ ಹೆಚ್ಚು ಬೆಲೆಗೆ ಹೋಗಿ ನಡುವೆ ಹೊರಬಿದ್ದ ಪ್ರತಿಯೊಬ್ಬನಿಗೂ ಹೊಸ ನಿಯಮ ಅನ್ವಯಿಸಿ ನೋಡಿ. ಯಾರು ಯಾರ ಪಾಲಾಗುತ್ತಿದ್ದರು, ಯಾವ ಬೆಲೆಗೆ ಅಂತ ಒಂದು ಹಾಳೆಯಲ್ಲಿ ಬರೆದು ಗುಂಪಿಗೆ ಹಾಕಿ. ಆ ಹಾಳೆ ನೋಡಿಯೇ ಜನ ಮತ ಹಾಕಲಿ.